ಕಾಡಿಗೆಯ ಗೆರೆ ನಿಲ್ಲುವ ಜಾಗ

ಹಳದಿ ಎಂದರೆ ಸಾಲದು.
ಆಟೋದ ನೆತ್ತಿಯೂ ಹಳದಿ,
ಸ್ಕೂಲು ವ್ಯಾನೂ, ಎದುರುಮನೆಯ ಟ್ಯಾಂಕಿನ ಮುಚ್ಚಳವೂ.
ಗೋಣಿಮರದ ಮೂರನೇ ಕವಲಿನಲ್ಲಿ
ಎಲೆಯೊಂದು ಮಗ್ಗುಲು ಬದಲಿಸಿದಂತೆ ಕಂಡದ್ದು
ಯಾವ ಹಳದಿ?

ಆಯುಧಪೂಜೆಯ ಬೂದುಗುಂಬಳ
ಇನ್ನೂ ರಸ್ತೆಯಲ್ಲಿ ಹೋಳಾಗಿ ಬಿದ್ದಿದ್ದ ವಾರ ಅದು ಬಂತು.

ಜಾಲಹಳ್ಳಿಯ ಗಡಿಯಾರದ ಕಾರ್ಖಾನೆಯಲ್ಲಿ
ಇಪ್ಪತ್ತಾರು ವರ್ಷ
ಬಲಗಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು
ಡಯಲು ತಪಾಸಣೆ ಮಾಡಿದವಳು ನಾನು.
ಹನ್ನೆರಡರ ಗೆರೆ ಕೂದಲೆಳೆಯಷ್ಟು ವಾಲಿದರೂ
ಕೆಂಪು ಟ್ರೇಗೆ.
ಕಾರ್ಖಾನೆ ಮುಚ್ಚಿತು, ಕಣ್ಣು ಮುಚ್ಚಲಿಲ್ಲ.
ಈಗ ಎಡಗಣ್ಣಿಗೆ ಪೊರೆ,
ಬಲಗಣ್ಣಿಗೆ ಸಂಡೇ ಬಜಾರಿನ ದುರ್ಬೀನು,
ಅದರದೂ ಒಂದೇ ಕೊಳವೆ ನೆಟ್ಟಗಿದೆ,
ಇನ್ನೊಂದರಲ್ಲಿ ಬೂಷ್ಟು.
ನಾವಿಬ್ಬರೂ ಸರಿಜೋಡಿ.

ಮರದ ಕೆಳಗೆ ಮುನಿಯಲ್ಲಪ್ಪನ ಇಸ್ತ್ರಿ ಗಾಡಿ.
"ಅದಾ? ಯಾವುದೋ ಅರಿಶಿನಬುರುಕ" ಅಂದ,
ತಲೆಯೆತ್ತದೆ, ಕೆಂಡ ಊದುತ್ತಾ.
ಅವನ ಲೆಕ್ಕದಲ್ಲಿ ಹಕ್ಕಿ ಎರಡೇ ಜಾತಿ:
ಅಂಗಿಯ ಮೇಲೆ ಹಿಕ್ಕೆ ಹಾಕುವುದು, ಹಾಕದ್ದು.

ಪುಸ್ತಕದ ಲೆಕ್ಕ ಬೇರೆ.
ತಲೆತುಂಬ ಕರಿ ಕುಲಾವಿ ಹಾಕಿದ್ದರೆ ಅದೊಂದು.
ಎರಡೂ ಕಣ್ಣಿನ ಕಾಡಿಗೆ ಹಿಂದೆ ಹಿಂದೆ ಸರಿದು
ಹೆಡಕಿನಲ್ಲಿ ಗಂಟು ಬಿದ್ದರೆ
ಅದಿನ್ನೊಂದು, ಈ ಕಡೆ ಅಪರೂಪದ್ದು.
ಕಣ್ಣು ದಾಟಿ, ಎರಡು ಅಕ್ಕಿಕಾಳಿನಷ್ಟು ನಡೆದು,
ಸಾಕು ಎಂದು ಗೆರೆ ನಿಂತರೆ
ಅದು ನಮ್ಮ ಹೊನ್ನಕ್ಕಿ.

ಆದರೆ ಹಕ್ಕಿ ಡಯಲಲ್ಲ, ಟ್ರೇಯಲ್ಲಿ ಕೂರುವುದಿಲ್ಲ.
ಸೋಮವಾರ ಬಾಲ ಸಿಕ್ಕಿತು.
ಬುಧವಾರ ಕೊಕ್ಕು, ಎಲೆಯಡಿಕೆ ಮೆದ್ದ ಬಣ್ಣದ್ದು.
ಆಮೇಲೆ ನಾಲ್ಕು ದಿನ ದನಿ ಮಾತ್ರ,
ನೀರು ಕುಡಿದ ಕೊಳಲು,
ಬೆನ್ನಿಗೇ ಬೆಕ್ಕಿನ ಬಾಲ ತುಳಿದಂತೊಂದು ಕಿರಿಚು.
ಎರಡೂ ಅದರದೇ ಎಂದು ನಂಬಲು ನವೆಂಬರ್ ಆಯಿತು.

ಕೆಳಗಿಳಿದರೆ ಕುತ್ತಿಗೆ ನೋಡಬಹುದೆಂದು
ಕಾಂಪೌಂಡಿನ ಮೇಲೆ ಬಾಳೆಹಣ್ಣು ಇಟ್ಟೆ.
ಅಳಿಲು ತಿಂದಿತು, ಗೊರವಂಕ ತಿಂದಿತು,
ಮಿಕ್ಕಿದ್ದನ್ನು ಪುಷ್ಪವೇಣಿಯ ಮೊಮ್ಮಗ ತಿಂದ.
ಅದು ಮಾತ್ರ ಮರದ ಮಾಳಿಗೆ ಬಿಡಲಿಲ್ಲ.
ಈ ಮರದಿಂದ ಪಾರ್ಕಿನ ಅತ್ತಿಗೆ,
ಅತ್ತಿಯಿಂದ ಶೆಡ್ಡಿನ ಹಿಂದಿನ ಗಸಗಸೆ ಮರಕ್ಕೆ,
ಫ್ಲೈಓವರಿಗಿಂತ ಒಂದು ಮಾರು ಮೇಲೆ ಅದರ ಓಣಿ.
ನೆಲ ಎನ್ನುವುದು ಅದಕ್ಕೆ ಯಾರೋ ಹೇಳಿದ ಸುದ್ದಿ.

ಡಿಸೆಂಬರಿನ ಒಂದು ಬೆಳಿಗ್ಗೆ
ಕೊಕ್ಕಿನಲ್ಲಿ ಕಂಬಳಿಹುಳು.
ಕೊಂಬೆಗೆ ಎತ್ತಿ ಎತ್ತಿ ಬಡಿಯಿತು,
ತಿರುಗಿಸಿ ಉಜ್ಜಿತು, ಮತ್ತೆ ಬಡಿಯಿತು,
ಕೂದಲೆಲ್ಲ ಉದುರುವ ತನಕ.
"ಏನು ಮಾಡ್ತಾ ಇದೆ?" ಅಂದ ಮುನಿಯಲ್ಲಪ್ಪ.
"ಒಗೀತಾ ಇದೆ" ಅಂದೆ.
ಇಸ್ತ್ರಿಪೆಟ್ಟಿಗೆ ಕೆಳಗಿಟ್ಟು
ಮೊದಲ ಸಲ ಮೇಲೆ ನೋಡಿದ.
ಬಹಳ ಹೊತ್ತು ನೋಡಿದ.
ಯಾರದೋ ಪ್ಯಾಂಟು ಸೀದಿತು.

ಜನವರಿಯಲ್ಲಿ ಕರೆಂಟಿನವರು ಗರಗಸ ತಂದರು.
ಹಣ್ಣಿನ ಕಲೆ ಎಂದು ಅರ್ಜಿ ಕೊಟ್ಟವನು ಇವನೇ,
ಹಕ್ಕಿ ಬರುವ ಮೊದಲು.
ಈಗ ಗಾಡಿ ಬಿಟ್ಟು ಓಡಿಬಂದು
"ಆ ಮೂರನೇದು ಬೇಡ ಸ್ವಾಮಿ" ಅಂದ.
ಎರಡು ಕಡಿದರು. ಮೂರನೆಯದು ಉಳಿಯಿತು,
ಇವನ ಮಾತಿಗೋ, ಅವರ ಊಟದ ಹೊತ್ತಿಗೋ.

ಜೊತೆಯಲ್ಲಿ ಇನ್ನೊಂದಿತ್ತು, ಪಾಚಿ ಹಸಿರು,
ಎದೆಯ ಮೇಲೆ ಪೆನ್ಸಿಲ್ಲಿನ ಗೀಟು.
ಹೆಣ್ಣೋ? ವರ್ಷ ತುಂಬದ ಮರಿಯೋ?
ರಿಜಿಸ್ಟರಿನಲ್ಲಿ ಪಾಸೂ ಬರೆದಿಲ್ಲ, ರಿಜೆಕ್ಟೂ ಇಲ್ಲ.
ಅಂಥದೊಂದು ಖಾನೆ ಕಾರ್ಖಾನೆಯಲ್ಲಿ ಇರಲಿಲ್ಲ.

ಯುಗಾದಿಗೆ ಮುಂಚೆ ಎರಡೂ ಉತ್ತರಕ್ಕೆ ಹೊರಟವು.
ಮಾರನೆಯ ದಿನ ಮುನಿಯಲ್ಲಪ್ಪ ಬಾಗಿಲು ತಟ್ಟಿ
ಹಾಸುಬಟ್ಟೆ ಬಿಡಿಸಿ ತೋರಿಸಿದ,
"ಇದು ಅದರದೇನಾ ನೋಡಿ."
ಹಳೆಯ ಭೂತಗನ್ನಡಿ ಹುಡುಕಿ ಬಲಗಣ್ಣಿಗೆ ಇಟ್ಟೆ.
ಒಣಗಿದ ನೇರಳೆ ಕಲೆ. ಅದರೊಳಗೆ
ಗಡಿಯಾರದ ಮಾಣಿಕ್ಯಗಳಿಗಿಂತ ಸಣ್ಣ
ಗೋಣಿ ಬೀಜ, ಒಂದೊಂದೂ ಇಡಿಯಾಗಿ.
ಕಾಗೆಯದೂ ಇರಬಹುದು, ಬಾವಲಿಯದೂ.
ಅವನು ಕಾಯುತ್ತಿದ್ದ.

"ಒಗೀಬೇಡ" ಅಂದೆ.